ಹನ್ನೊಂದು ಹೆಜ್ಜೆಯ ದರ್ಬಾರು

ಪೇಟ ತಲೆಗೆ ತಾಗಿದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಹೋದ ತಿಂಗಳು ತರೀಕೆರೆಯ ನಮ್ಮ ಶಾಲೆಯಲ್ಲಿ ನನ್ನ ನಿವೃತ್ತಿಯ ಸನ್ಮಾನವಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದಮೇಲೆ ಹೆಡ್‌ಮಾಸ್ಟರು ಅಂಗಡಿಯಿಂದ ತಂದ ಮೈಸೂರು ಪೇಟವೊಂದನ್ನು ನನ್ನ ತಲೆಗಿಟ್ಟರು. ಈಗ ಪೇಟವಿಲ್ಲದ ಸನ್ಮಾನವೇ ಇಲ್ಲವಲ್ಲ. ಕಬಡ್ಡಿಯಲ್ಲಿ ಗೆದ್ದವನಿಗೂ ಪೇಟ, ರಕ್ತದಾನ ಮಾಡಿದವನಿಗೂ ಪೇಟ. ಅರಸರು ಹೋದರೂ ಅವರ ಪೇಟ ಊರೂರು ತಿರುಗುತ್ತಿದೆ. ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ಕೈಮುಗಿದೆ. ಆಮೇಲೆ ಎಲ್ಲರಂತೆ ತಿರುಗಿ ಮೆಟ್ಟಿಲಿಳಿಯುವುದು ಬಿಟ್ಟು, ಕುರ್ಚಿಯಲ್ಲಿ ಕೂತ ಅತಿಥಿಗಳ ಕಡೆಗೇ ಮುಖ ಮಾಡಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆ. ವೇದಿಕೆಯ ಅಂಚಿನಲ್ಲಿ ಕಾಲು ಜಾರಿತು. ಪಕ್ಕದಲ್ಲಿದ್ದ ಪಿ.ಟಿ. ಮೇಷ್ಟರು ರಟ್ಟೆ ಹಿಡಿಯದಿದ್ದರೆ ಸೊಂಟ ಮುರಿಯುತ್ತಿತ್ತು. "ಮೇಡಂಗೆ ಶಾಲೆ ಬಿಟ್ಟೋಗೋಕೆ ಮನಸ್ಸೇ ಇಲ್ಲ ಕಣ್ರೀ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಅರವತ್ತು ವರ್ಷವಾದರೂ ನನ್ನ ಹಿಮ್ಮಡಿ ಇನ್ನೂ ಸಿಂಗಟಗೆರೆಯ ಮನೆಯ ಹೊಸ್ತಿಲನ್ನೇ ಹುಡುಕುತ್ತಿದೆ ಎಂದು ಅವರಿಗೆ ಹೇಗೆ ಹೇಳುವುದು.

ಸಿಂಗಟಗೆರೆಯಲ್ಲಿ ನಮ್ಮದನ್ನು ದರ್ಬಾರ್ ಮನೆ ಎನ್ನುತ್ತಿದ್ದರು. ಅರ್ಧ ಮರ್ಯಾದೆಗೆ, ಅರ್ಧ ಗೇಲಿಗೆ. ಮನೆ ಅಂಥ ದೊಡ್ಡದೇನಲ್ಲ. ಮುಂದೊಂದು ಪಡಸಾಲೆ, ನಡುವೆ ತೊಟ್ಟಿ, ಹಿಂದೆ ಅಡುಗೆಮನೆ, ಅದರ ಆಚೆ ಹಿತ್ತಲಲ್ಲಿ ಬಾವಿ, ಮೇಲೆ ಕೊಬ್ಬರಿ ಒಣಗುವ ಅಟ್ಟ. ಮನೆಯ ತುಂಬ ಸದಾ ಕೊಬ್ಬರಿಯ ಸಿಹಿ ಕಮಟು. ಆದರೆ ನನ್ನ ಮುತ್ತಾತ ಊರಿನ ಪಟೇಲರಾಗಿದ್ದಾಗ ಒಂದೇ ಒಂದು ಸಲ ಮೈಸೂರಿನ ದಸರಾ ದರ್ಬಾರಿಗೆ ಕರೆ ಬಂದಿತ್ತಂತೆ. ಅವರು ಪೇಟ ಸುತ್ತಿ, ಕಪ್ಪು ಕೋಟು ತೊಟ್ಟು, ಸಾಲಿನಲ್ಲಿ ನಿಂತು, ಸಿಂಹಾಸನಕ್ಕೆ ಬಾಗಿ, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಂದರಂತೆ. ಎಲ್ಲ ಸೇರಿ ಒಂದು ತಾಂಬೂಲ ಜಗಿಯುವಷ್ಟು ಹೊತ್ತು. ಊರಿಗೆ ಬಂದವರೇ ಬೀಟೆ ಮರದ ಕುರ್ಚಿಯೊಂದನ್ನು ಮಾಡಿಸಿ ಪಡಸಾಲೆಯಲ್ಲಿಟ್ಟು ಕೂತರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಕುರ್ಚಿಗೆ ಯಾರೂ ಬೆನ್ನು ತೋರಿಸುವಂತಿರಲಿಲ್ಲ. ನನ್ನ ಕಾಲಕ್ಕೆ ಅದರಲ್ಲಿ ತಾತ ಕೂರುತ್ತಿದ್ದರು. ತಮಾಷೆಯೆಂದರೆ ತಾತ ಅರಮನೆಯ ಒಳಗೆ ಕಾಲಿಟ್ಟವರೇ ಅಲ್ಲ. ಅಪ್ಪ ಹೇಳಿದ್ದನ್ನು ಕೇಳಿ ಕಲಿತ ದರ್ಬಾರು ಅವರದು, ಅದಕ್ಕೇ ಅಷ್ಟು ಬಿಗಿ. ಒಮ್ಮೆ ತರೀಕೆರೆಯಿಂದ ಬಂದ ಕೊಬ್ಬರಿ ವ್ಯಾಪಾರಿಯೊಬ್ಬರು ಮಾತು ಮುಗಿಸಿ ಧಡಕ್ಕನೆ ತಿರುಗಿ ಹೊರಟರು. ಆಮೇಲೆ ತಾತ ಅವರಿಗೆ ಒಂದು ಹೋಳು ಕೊಬ್ಬರಿಯನ್ನೂ ಕೊಡಲಿಲ್ಲ.

ಕುರ್ಚಿಯಿಂದ ತೊಟ್ಟಿಯ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ನನಗೆ ಅದನ್ನು ಕಲಿಸಿದವಳು ಗಿರಿಜತ್ತೆ, ಅಪ್ಪನ ತಂಗಿ. ಕೈಯಲ್ಲಿ ಖಾಲಿ ತಟ್ಟೆ ಕೊಟ್ಟು, ತಾನು ಹಿಂದೆ ನಿಂತು, "ಕಣ್ಣಲ್ಲಿ ನೋಡ್ಬ್ಯಾಡ ಕಣೇ ಮಂಜೂ, ಹಿಮ್ಮಡೀಲಿ ನೋಡು" ಎನ್ನುತ್ತಿದ್ದಳು. ಹತ್ತನೆಯ ಹೆಜ್ಜೆಗೆ ಕಾಲನ್ನು ಸ್ವಲ್ಪ ಎತ್ತಬೇಕು, ಹನ್ನೊಂದಕ್ಕೆ ಹೊಸ್ತಿಲು ದಾಟಿರಬೇಕು. ಅತ್ತೆಯ ಎಡ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಗಾತ್ರದ ಕಪ್ಪು ಗಾಯದ ಕಲೆಯಿತ್ತು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿ ಹೊಸ್ತಿಲಿಗೆ ಬಡಿಸಿಕೊಂಡದ್ದು. ಅಮ್ಮನ ಹಿಮ್ಮಡಿಯಲ್ಲೂ ಅಂಥದೊಂದಿತ್ತು. ಮದುವೆಯಾಗಿ ಬಂದ ಮೊದಲ ವಾರದ್ದಂತೆ. ಈಗ ನೆನೆಸಿಕೊಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಆಗ ಮಾತ್ರ ಅದೊಂದು ಆಟವಾಗಿತ್ತು, ಊರಿನ ಬೇರೆ ಹುಡುಗಿಯರಿಗೆ ಬಾರದ ವಿದ್ಯೆ ನನಗೆ ಬರುತ್ತದೆಂದು ಜಂಬವಿತ್ತು.

ಇನ್ನೊಂದು ಕ್ರಮವಿತ್ತು, ಅರಿಕೆಯದು. ತಾತನ ಹತ್ತಿರ ದೊಡ್ಡವರು ಯಾರೂ ನೇರವಾಗಿ ಏನನ್ನೂ ಕೇಳುವಂತಿರಲಿಲ್ಲ. ಮೀಸೆ ಹೊತ್ತ ನನ್ನಪ್ಪನೂ ಅಷ್ಟೆ. ಮನೆಯ ಮಗುವೊಂದು ಕುರ್ಚಿಯ ಬಲಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಂತು ಅವರ ಪರವಾಗಿ ಹೇಳಬೇಕು. ಕೇಳಿಕೊಳ್ಳುವವರು ಆ ಹೊತ್ತಿಗೆ ಪಡಸಾಲೆಯ ಹತ್ತಿರವೂ ಸುಳಿಯಬಾರದು. ತಾತ ಹೂಂ ಅಂದರೆ ಆಯಿತು. ಏನೂ ಅನ್ನದಿದ್ದರೆ ಇಲ್ಲವೆಂದೇ ಅರ್ಥ. ಒಂದು ಅರಿಕೆಯನ್ನು ಎರಡನೆಯ ಸಲ ಮಾಡುವ ಹಾಗಿಲ್ಲ, ಆ ವಿಷಯವನ್ನು ಮನೆಯಲ್ಲಿ ಮತ್ತೆ ಎತ್ತುವ ಹಾಗೂ ಇಲ್ಲ. ಆರನೇ ವಯಸ್ಸಿನಿಂದ ಆ ಕೆಲಸ ನನ್ನದು. ಬಾವಿಗೆ ಹೊಸ ರಾಟೆ, ಅಪ್ಪನಿಗೆ ಕಡೂರಿಗೆ ಹೋಗಿಬರಲು ಅಪ್ಪಣೆ, ಎಲ್ಲ ನನ್ನ ಬಾಯಿಂದಲೇ. ಒಂದು ವರ್ಷ ಗೌರಿ ಹಬ್ಬಕ್ಕೆ ಅಮ್ಮ ತವರಿಗೆ ಹೋಗಬೇಕೆಂದು ಅರಿಕೆ ಮಾಡಿದೆ. ತಾತ ಮಾತಾಡಲಿಲ್ಲ. ಬಗ್ಗಿ ನೋಡಿದರೆ ಕಣ್ಣು ಮುಚ್ಚಿದ್ದರು. ತೂಕಡಿಸುತ್ತಿದ್ದರೋ ಯೋಚಿಸುತ್ತಿದ್ದರೋ ದೇವರೇ ಬಲ್ಲ. ಎಚ್ಚರವಿದ್ದೀರಾ ಎಂದು ಕೇಳುವ ಕ್ರಮ ಮುತ್ತಾತ ಕಂಡ ದರ್ಬಾರಿನಲ್ಲಿ ಇರಲಿಲ್ಲವಂತೆ. ಅಮ್ಮ ಕಟ್ಟಿಟ್ಟ ಬಟ್ಟೆಯ ಗಂಟನ್ನು ಬಿಚ್ಚಿ, ಸೀರೆಗಳನ್ನು ಮತ್ತೆ ಬಿದಿರ ಗಳುವಿಗೆ ಹಾಕಿದಳು. ಅವತ್ತು ಅವಳು ಮಾಡಿದ ಸಾರಿಗೆ ಉಪ್ಪೇ ಇರಲಿಲ್ಲ.

ಗಿರಿಜತ್ತೆಯನ್ನು ಅಜ್ಜಿ ಬದುಕಿದ್ದಾಗ ಕಡೂರಿನ ನೆಂಟರ ಮನೆಯಲ್ಲಿಟ್ಟು ಮೇಷ್ಟರ ತರಬೇತಿ, ಟಿ.ಸಿ.ಎಚ್., ಓದಿಸಿದ್ದರು. ಅಜ್ಜಿ ಹೋದಮೇಲೆ ಅತ್ತೆ ಊರಿಗೆ ಬಂದಳು, ಒಲೆಯ ಮುಂದೆ ಕೂತಳು. ಎರಡು ಸಂಬಂಧ ಬಂದು ತಪ್ಪಿಹೋದವು. ನನಗೆ ಅವಳೆಂದರೆ ಪ್ರಾಣ. ಅವಳ ಮಗ್ಗುಲಲ್ಲೇ ನನ್ನ ಹಾಸಿಗೆ, ಅವಳ ಕೈಯಲ್ಲೇ ನನ್ನ ಜಡೆ. ಕೊಬ್ಬರಿ ಅಟ್ಟದಲ್ಲಿ ಅವಳು ಇದ್ದಿಲಿನಿಂದ ಗೋಡೆಯ ಮೇಲೆ ಬರೆದು ನನಗೆ ಮಗ್ಗಿ ಕಲಿಸುತ್ತಿದ್ದಳು. ಕಲಿಸುವಾಗ ಅವಳ ದನಿಯೇ ಬೇರೆ, ಅಗಲವಾಗಿ, ಕೊನೆಯ ಬೆಂಚಿನವರೆಗೆ ಕೇಳುವ ಹಾಗೆ. ಬೆಂಚು ಎಲ್ಲಿತ್ತು, ಇದ್ದದ್ದು ನಾನೊಬ್ಬಳೇ.

ನನಗೆ ಒಂಬತ್ತು ತುಂಬಿದ ವರ್ಷ ಅವಳಿಗೆ ಲಿಂಗದಹಳ್ಳಿಯ ಕಡೆಯ ಒಂದು ಶಾಲೆಗೆ ಆರ್ಡರ್ ಬಂತು. ಹದಿನೈದು ದಿನದೊಳಗೆ ಹೋಗಿ ಸೇರಿಕೊಳ್ಳಬೇಕು. ಅಟ್ಟಕ್ಕೆ ಕರೆದುಕೊಂಡು ಹೋಗಿ ಆ ಕಾಗದವನ್ನು ತೋರಿಸಿದಳು. ಮುಖ ಹೊಳೆಯುತ್ತಿತ್ತು. "ನಾಳೆ ಬೆಳಿಗ್ಗೆ ಪೂಜೆ ಆದ್ಮೇಲೆ ನೀನೇ ಅರಿಕೆ ಮಾಡ್ಬೇಕು ಕಣೇ ಮಂಜೂ. ಗಿರಿಜತ್ತೆಗೆ ಮೇಷ್ಟ್ರ ಕೆಲ್ಸ ಸಿಕ್ಕೈತೆ, ಹೋಗಕ್ಕೆ ಅಪ್ಪಣೆ ಆಗ್ಬೇಕು ಅಂತ. ಅಷ್ಟೇ ಹೇಳು, ಸಾಕು."

"ನೀನು ಹೋದ್ರೆ ವಾಪಸ್ ಬರಲ್ವಾ?"

"ಬತ್ತೀನಿ ಕಣೇ, ರಜಕ್ಕೆ ಬತ್ತೀನಿ."

ರಜಕ್ಕೆ ಎಂಬ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಮರುದಿನ ತಾತ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತರು. ಅತ್ತೆ ಹಿತ್ತಲ ಬಾವಿಯ ಹತ್ತಿರ ಕಾಯುತ್ತಿದ್ದಳು. ನಾನು ಬಲಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಂತೆ. ಅವು ದಸರೆಯ ದಿನಗಳು. ಮುತ್ತಾತನ ಪೇಟ ಮತ್ತು ಕೋಟನ್ನು ಪೆಟ್ಟಿಗೆಯಿಂದ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ್ದರು. ನುಸಿಗುಳಿಗೆಯ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಅತ್ತೆ ಹೇಳಿಕೊಟ್ಟ ಮಾತು ಬಾಯಿಯ ತುದಿಯಲ್ಲೇ ಇತ್ತು. ತಾತ ಪೂರ್ತಿ ಎಚ್ಚರವಾಗಿದ್ದರು, ನನ್ನ ಕಡೆ ಕತ್ತು ಹೊರಳಿಸಿ ಕಾಯುತ್ತಲೂ ಇದ್ದರು. ನಾನು, "ತಾತ, ಹಿತ್ತಲಾಗೆ ತೆಂಗಿನ ಗರಿ ಬಿದ್ದೈತೆ" ಅಂದೆ.

"ಹೂಂ" ಅಂದರು ತಾತ.

ಹನ್ನೊಂದು ಹೆಜ್ಜೆ ಹಿಂದಕ್ಕೆ ನಡೆದು, ಹೊಸ್ತಿಲು ದಾಟಿ, ಬಾವಿಯ ಹತ್ತಿರ ಹೋದೆ. ಅತ್ತೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ತಾತ ಏನೂ ಹೇಳ್ಲಿಲ್ಲ" ಅಂದೆ. ಅವಳು ಒಂದೇ ಒಂದು ಮಾತು ಕೇಳಿದಳು, "ಎಚ್ಚರ ಇದ್ರಾ?"

ಇರಲಿಲ್ಲ ಎಂದಿದ್ದರೆ ಅವಳಿಗೊಂದು ಸಂದು ಉಳಿಯುತ್ತಿತ್ತೇನೋ. ಅದು ನನಗೆ ಆಗಲೇ ಗೊತ್ತಿತ್ತು, ಅದೇ ನನ್ನ ಪಾಪ. "ಇದ್ರು" ಅಂದೆ.

ಅತ್ತೆ ಕೊಡವನ್ನು ಬಾವಿಗಿಳಿಸಿದಳು. ಅಳಲಿಲ್ಲ, ಜಗಳವಾಡಲಿಲ್ಲ, ಅಪ್ಪನಿಗೆ ಹೇಳಲಿಲ್ಲ, ತಾನೇ ಹೋಗಿ ಕೇಳಲಿಲ್ಲ. ಅವಳು ಏಕೆ ಕೇಳಲಿಲ್ಲವೆಂದು ನಿಮಗೆ ಅನ್ನಿಸಬಹುದು. ಒಂದು ಮನೆಯ ಕ್ರಮದೊಳಗೇ ಹುಟ್ಟಿ ಬೆಳೆದವರಿಗೆ ಆ ಪ್ರಶ್ನೆಯೇ ಹೊಳೆಯುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು, ನೆನಪು ಮಾಡಿಕೊಳ್ಳಿ. ನಮ್ಮ ಬಾಗಿಲಿಗೆ ಬೀಗವಿರಲಿಲ್ಲ, ಹಗಲಿಡೀ ತೆರೆದೇ ಇರುತ್ತಿತ್ತು, ಕಡೂರಿನ ಬಸ್ಸು ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಹದಿನೈದು ದಿನವೂ ಅವಳು ಆ ಬಸ್ಸಿನ ಸದ್ದಿಗೆ ತಲೆ ಎತ್ತಿ, ಮತ್ತೆ ತಗ್ಗಿಸುತ್ತಿದ್ದಳು. ಹದಿನೈದನೆಯ ದಿನ ನನ್ನನ್ನು ಕೂರಿಸಿಕೊಂಡು ಜಡೆ ಹಾಕಿದಳು, ಹಣೆ ಎಳೆಯುವಷ್ಟು ಬಿಗಿಯಾಗಿ. ನೋಯುತ್ತದೆ ಎಂದು ನಾನು ಹೇಳಲಿಲ್ಲ. ಆಮೇಲೆ ಅಟ್ಟದ ಗೋಡೆಯ ಮೇಲೆ ಹೊಸ ಮಗ್ಗಿ ಬರೆಯಲಿಲ್ಲ.

ನಾನು ಗೆದ್ದಿದ್ದೆ. ಅತ್ತೆ ನನ್ನ ಮಗ್ಗುಲಲ್ಲೇ ಉಳಿದಳು. ಆದರೆ ಮಕ್ಕಳು ಬೆಳೆಯುತ್ತಾರಲ್ಲ. ಹನ್ನೊಂದು ವರ್ಷ ಕಳೆದು ನಾನೂ ಟಿ.ಸಿ.ಎಚ್. ಮುಗಿಸಿದೆ, ನನಗೂ ತರೀಕೆರೆಗೆ ಆರ್ಡರ್ ಬಂತು. ನನ್ನ ಅರಿಕೆ ಮಾಡಿದವನು ಹತ್ತು ವರ್ಷದ ತಮ್ಮ ನಾಗ. ಅವನು ಕುಣಿಯುತ್ತ ಅಡುಗೆಮನೆಗೆ ಬಂದು, "ಹೂಂ ಅಂದ್ರು ಕಣೇ ಅಕ್ಕ. ಬಸ್ಸು ಎಷ್ಟೊತ್ತಿಗೆ ಅಂತಾನೂ ಕೇಳಿದ್ರು" ಅಂದ. ಅತ್ತೆ ಅಕ್ಕಿ ಆರಿಸುತ್ತಿದ್ದಳು. ಮೊರದ ಮೇಲೆ ಅವಳ ಕೈ ನಿಂತಿತು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಅವಳೇ ನನ್ನ ಮುಖ ನೋಡಿ, ನನಗೆ ಬೇಜಾರಾಗಬಾರದೆಂದು, "ಆವಾಗ ಅಪ್ಪಾಜಿ ಮನಸ್ಸು ಗಟ್ಟಿ ಇತ್ತು ಕಣೇ. ಈಗ ವಯಸ್ಸಾಗಿ ಮೆತ್ತಗಾಗವ್ರೆ. ನಿನ್ನ ಪುಣ್ಯ, ಹೋಗ್ಬಾ" ಎಂದಳು. ತನ್ನ ಟ್ರಂಕನ್ನೇ ಖಾಲಿ ಮಾಡಿ ನನಗೆ ಕೊಟ್ಟಳು. ನಾನು ಆ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದೆ.

ತಾತ ತೀರಿಕೊಂಡಾಗ ಅದೇ ಕುರ್ಚಿಯಲ್ಲಿ ಕೂರಿಸಿದರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುವುದು. ತಲೆಗೆ ಮುತ್ತಾತನ ಪೇಟ ಕಟ್ಟಿದರು. ಅವರು ಎಂದೂ ಕಾಣದ ದರ್ಬಾರು ಅವತ್ತು ಅವರಿಗಾಗಿಯೇ ನೆರೆದಿತ್ತು. ಊರವರೆಲ್ಲ ಬಂದು ಹೂವಿಟ್ಟು ತಿರುಗಿ ಹೋದರು. ಅತ್ತೆಯೊಬ್ಬಳು ಮಾತ್ರ ಆ ಗದ್ದಲದಲ್ಲೂ ಹನ್ನೊಂದು ಹೆಜ್ಜೆ ಹಿಂದಕ್ಕೆ ನಡೆದಳು. ಜನ ದಾರಿ ಬಿಟ್ಟರು.

ಆಮೇಲೆ ಮನೆ ಪಾಲಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಕುರ್ಚಿಗೆ ಗೆದ್ದಲು ಹಿಡಿಯಿತು, ಪೇಟ ತಾತನ ಜೊತೆ ಮಣ್ಣಿಗೆ ಹೋಗಿತ್ತು. ಅತ್ತೆಯನ್ನು ನಾನು ತರೀಕೆರೆಯ ನನ್ನ ಮನೆಗೆ ಕರೆದುಕೊಂಡು ಬಂದೆ. ಇಪ್ಪತ್ತೆರಡು ವರ್ಷ ನನ್ನ ಜೊತೆಗಿದ್ದಳು. ನನ್ನ ಮನೆಯ ಹಾಲ್‌ನಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿಗಳು. ಸಂಜೆ ಶಾಲೆಯಿಂದ ಬಂದು ಒಂದರಲ್ಲಿ ಕೂತರೆ ಅವಳು ಕಾಫಿ ತಂದುಕೊಡುತ್ತಿದ್ದಳು, ಕೊಟ್ಟು ಹಿಂದಕ್ಕೆ ಹೆಜ್ಜೆ ಇಡುತ್ತ ಒಳಗೆ ಹೋಗುತ್ತಿದ್ದಳು. "ಅತ್ತೆ, ನಂಗ್ಯಾಕೆ ಹಿಂಗೆ ಮಾಡ್ತೀಯ, ಬಿಡು" ಎಂದು ಎಷ್ಟು ಸಲ ಹೇಳಿದೆನೋ. "ರೂಢಿ ಕಣೇ, ಹೋಗಲ್ಲ" ಎನ್ನುತ್ತಿದ್ದಳು. ಅವಳು ಹಾಗೆ ಹೋಗುವುದನ್ನು ನೋಡಲಾರದೆ ನಾನು ಕಾಫಿಯನ್ನು ಅಡುಗೆಮನೆಯಲ್ಲೇ ನಿಂತು ಕುಡಿಯತೊಡಗಿದೆ. ಆಗ ಅವಳು ನನ್ನ ಶಾಲೆಯ ಸುದ್ದಿ ಕೇಳುವಳು. ಯಾವ ಹುಡುಗ ಭಾಗಾಕಾರ ಕಲಿತ, ಯಾವ ಹುಡುಗಿ ಶಾಲೆ ಬಿಟ್ಟಳು, ಒಂದೂ ಮರೆಯುತ್ತಿರಲಿಲ್ಲ. ಪ್ರತಿ ಸಂಜೆಯೂ ಹೇಳಿಬಿಡಬೇಕೆಂದುಕೊಳ್ಳುತ್ತಿದ್ದೆ. ಪ್ರತಿ ಸಂಜೆಯೂ ತೆಂಗಿನ ಗರಿಯಂಥ ಬೇರೇನೋ ಒಂದು ಮಾತು ಬಾಯಿಗೆ ಬರುತ್ತಿತ್ತು.

ಸನ್ಮಾನಕ್ಕೆ ಎರಡು ತಿಂಗಳ ಮೊದಲು ಅತ್ತೆ ಹೋದಳು. ಬೆಳಿಗ್ಗೆ ಸ್ನಾನ ಮಾಡಿ ಕೂತವಳು ಏಳಲಿಲ್ಲ. ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದೆವು. ಮಠದ ಅಯ್ಯನವರು ಬರುವುದು ತಡವಾಯಿತು, ಬಂದವರೆಲ್ಲ ಅಂಗಳಕ್ಕೆ ಹೋಗಿ ನಿಂತರು. ಹಾಲ್‌ನಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅವಳ ಸೀರೆ ನನ್ನ ಹಳೆಯ ಟ್ರಂಕಿನಿಂದ ತೆಗೆದದ್ದು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ನಾನು ಎದ್ದು ಕುರ್ಚಿಯ ಬಲಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಂತು, ಅವಳ ಕಿವಿಯ ಹತ್ತಿರ ಬಗ್ಗಿದೆ. "ಅತ್ತೆ, ಅವತ್ತು ನಾನು ತಾತಂಗೆ ಹೇಳ್ಲೇ ಇಲ್ಲ. ಅವ್ರು ಬ್ಯಾಡ ಅಂದಿರ್ಲಿಲ್ಲ. ನೀನು ಹೋಗ್ಬಿಡ್ತೀಯ ಅಂತ ನಾನೇ ಹೇಳ್ಲಿಲ್ಲ. ನನ್ನ ಕ್ಷಮಿಸ್ಬೇಕು" ಅಂದೆ.

ಒಂದು ಹೂಂಗಾಗಿ ಕಾದೆ. ಹೊರಗೆ ಯಾರೋ ಕೆಮ್ಮಿದರು. ಅತ್ತೆ ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಏನೂ ಹೇಳದಿದ್ದರೆ ಏನರ್ಥವೆಂದು ನನಗಿಂತ ಚೆನ್ನಾಗಿ ಬಲ್ಲವರು ಈಗ ಯಾರೂ ಉಳಿದಿಲ್ಲ. ಎರಡನೆಯ ಸಲ ಕೇಳುವ ಕ್ರಮವೂ ಇಲ್ಲ. ಕೈಮುಗಿದು, ಅವಳ ಮುಖವನ್ನೇ ನೋಡುತ್ತ, ಅವಳು ಕಲಿಸಿದ ಹಾಗೆಯೇ ಹಿಮ್ಮಡಿಯಲ್ಲಿ ದಾರಿ ನೋಡಿಕೊಂಡು ಹಿಂದಕ್ಕೆ ನಡೆದೆ.