ಸಂಜೆಯ ಪಂಪ್

ಆಸ್ತಮಾ ಇರುವವರ ಶ್ವಾಸನಾಳ ವರ್ಷಗಳು ಕಳೆದಂತೆ ತನ್ನ ರಚನೆಯನ್ನೇ ಬದಲಿಸಿಕೊಳ್ಳಬಹುದು ಎಂದು ನನಗೆ ಗೊತ್ತಾದದ್ದು ಮಿರಜದ ಒಂದು ದವಾಖಾನೆಯಲ್ಲಿ, ಅವ್ವನ ಪಕ್ಕ ಕೂತಿದ್ದಾಗ. ಅಷ್ಟರಲ್ಲಿ ಆಸ್ತಮಾದ ಬಗ್ಗೆ ನಾನೊಂದು ವಾದ ಗೆದ್ದು ಆರು ವರ್ಷವಾಗಿತ್ತು.

ಗೆದ್ದದ್ದು ಸಾಂಗ್ಲಿಯ ನಮ್ಮ ಅಡುಗೆಮನೆಯಲ್ಲಿ. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ, ಮನೆಯಲ್ಲೂ ಹಾಗೇ ಮಾತಾಡುತ್ತಿದ್ದೆ. ಅವ್ವನ ಆಸ್ತಮಾಕ್ಕೆ ಡಾಕ್ಟರು ಬಾಯಲ್ಲಿಟ್ಟು ಎಳೆದುಕೊಳ್ಳುವ ಎರಡು ಪಂಪ್, ಅಂದರೆ ಇನ್ಹೇಲರ್, ಕೊಟ್ಟಿದ್ದರು. ನೀಲಿಯದು ದಮ್ಮು ಹತ್ತಿದಾಗ. ಕಂದು ಬಣ್ಣದ್ದು ದಮ್ಮು ಇರಲಿ ಬಿಡಲಿ, ದಿನಾ ಎರಡು ಹೊತ್ತು. ಎಳೆದುಕೊಂಡ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಚೀಟಿಯಲ್ಲಿ ಎರಡನೆಯ ಹೊತ್ತು ಎಂದರೆ ರಾತ್ರಿ ಎಂಟು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಬಾಯಿಗೆ ನೀರು ಮುಟ್ಟಿಸುವವಳಲ್ಲ.

"ಏನ್ ಮಾಡ್ಲಿ?" ಎಂದು ಕೇಳಿದಳು.

ಅವಳ ನೇಮ ನನಗೆ ಒಪ್ಪಿಗೆಯಿರಲಿಲ್ಲ. ಆದರೆ ಔಷಧ ಕಂಪನಿಗಳ ಮೇಲೆ ನನ್ನ ಹತ್ತಿರ ಹತ್ತು ನಿಮಿಷದ ಸಿದ್ಧ ಭಾಷಣವಿತ್ತು.

"ಈಗ ದಮ್ಮು ಐತೇನ?"

"ಈಗಿಲ್ಲ."

"ಇಲ್ಲದ ರೋಗಕ್ಕ ದಿನಾ ಔಷಧ ಯಾಕ? ಯಾರಿಗೆ ಫಾಯ್ದೆ ಹೇಳು ನೋಡೂಣು?"

ಅವ್ವ ನಕ್ಕಳು. "ವಕೀಲ್ರ ಮುಂದ ನಾ ಏನ್ ಮಾತಾಡ್ಲಿ ತಾಯಿ," ಎಂದಳು. ಸಂಜೆಯದು ಅಂದೇ ನಿಂತಿತು, ಸ್ವಲ್ಪ ದಿನಕ್ಕೆ ಬೆಳಗಿನದೂ. ನೀಲಿ ಪಂಪ್ ಮಾತ್ರ ಸೆರಗಿನ ಗಂಟಿನಲ್ಲಿ ಉಳಿಯಿತು. ಅರಿಷಿಣದ ಹಂಗಾಮಿನಲ್ಲಿ ಅಪ್ಪ ತಾನು ದುಡಿಯುವ ಪೇಟೆಯಿಂದ ಮೈಮೇಲೆ ಅರಿಷಿಣದ ಧೂಳು ಹೊತ್ತು ಬಂದಾಗ ಎರಡು ಸಲ ಎಳೆದುಕೊಳ್ಳುತ್ತಿದ್ದಳು, ಸರಿಹೋಗುತ್ತಿತ್ತು. ನನ್ನ ವಾದಕ್ಕೆ ಅದೇ ಪುರಾವೆ ಎಂದುಕೊಂಡಿದ್ದೆ.

ಈ ವರ್ಷ ಅವ್ವ ಮಾಳಿಗೆಯ ಮೆಟ್ಟಿಲಲ್ಲಿ ನಡುವೆಯೇ ಕೂರತೊಡಗಿದಳು. ಮಿರಜಕ್ಕೆ ಕರೆದುಕೊಂಡು ಹೋದೆ. ಊದುವ ಪರೀಕ್ಷೆ ಮಾಡಿಸಿದರು. ಕೊಳವೆಯಲ್ಲಿ ಊದಿಸಿ, ಪಂಪ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ಔಷಧ ನಾಟಿದ್ದರೆ ಕಾಗದದ ಮೇಲೆ ಎರಡನೆಯ ಸಲದ ಗೆರೆ ಮೊದಲ ಸಲದ್ದಕ್ಕಿಂತ ಮೇಲೇಳಬೇಕು. ಅದು ಮೊದಲನೆಯದರ ಮೇಲೇ ಬಿದ್ದಿತ್ತು.

ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ನಾಳದ ಊತ ಔಷಧಕ್ಕೆ ಇಳಿಯುತ್ತದೆ. ಆದರೆ ಊತ ವರ್ಷಗಟ್ಟಲೆ ಇದ್ದರೆ ಒಳಪದರದ ಕೆಳಗೆ ಗಾಯದ ಕಲೆಯಂಥ ಪದರ ಕಟ್ಟುತ್ತದೆ, ಸುತ್ತಲಿನ ಸ್ನಾಯು ದಪ್ಪವಾಗುತ್ತದೆ, ಕಫ ಮಾಡುವ ಗ್ರಂಥಿಗಳು ಹೆಚ್ಚುತ್ತವೆ. ಗೋಡೆಯೇ ದಪ್ಪವಾದರೆ ದಾರಿ ಕಿರಿದಾಗಿಯೇ ಉಳಿಯುತ್ತದೆ.

"ಮೊದಲಿನಂಗ ಆಗೂದಿಲ್ಲೇನ್ರಿ?" ಅವ್ವ ಕನ್ನಡದಲ್ಲೇ ಕೇಳಿದಳು. ಅವರಿಗೆ ಅರ್ಥವಾಯಿತು. ಪೂರ್ತಿ ಆಗಲಿಕ್ಕಿಲ್ಲ, ಇನ್ನೂ ಕೆಡದಂತೆ ನೋಡಿಕೊಳ್ಳೋಣ ಎಂದರು.

ಪಂಪ್ ಯಾಕೆ ಬಿಟ್ಟಿರಿ ಎಂಬ ಪ್ರಶ್ನೆ ಬಂತು. ಅವ್ವ ಹೊತ್ತು ಮುಳುಗುವ ಮಾತು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಸಂಜೆ ಐದಕ್ಕೇ ತೆಗೆದುಕೊಂಡು ಬಾಯಿ ಮುಕ್ಕಳಿಸಿಬಿಡಿ, ನಡೆಯುತ್ತದೆ ಎಂದರು.

ಹೊತ್ತು ಬದಲಿಸಬಹುದೇ ಎಂದು ಆರು ವರ್ಷದಲ್ಲಿ ನಾವ್ಯಾರೂ ಡಾಕ್ಟರನ್ನು ಕೇಳಿರಲಿಲ್ಲ. ನನಗೆ ಆ ಯೋಚನೆ ಬರದಿದ್ದದ್ದು ಯಾಕೆಂದರೆ ನಾನು ದಾರಿ ಹುಡುಕುತ್ತಿರಲಿಲ್ಲ, ಗೆಲ್ಲುತ್ತಿದ್ದೆ.

ನಾನು ಒಂದೇ ಪ್ರಶ್ನೆ ಕೇಳಿದೆ. ಬಿಡದೆ ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೇ? ಖಚಿತವಾಗಿ ಹೇಳಲಾಗದು, ತಪ್ಪದೆ ತೆಗೆದುಕೊಂಡವರಲ್ಲೂ ಕೆಲವರಿಗೆ ಆಗುತ್ತದೆ ಎಂದರು. ವೇದಿಕೆಯ ಮೇಲಾದರೆ ಅಷ್ಟು ಸಾಕಿತ್ತು, ಅದನ್ನೇ ಹಿಡಿದು ಬಿಡುಗಡೆಯಾಗುತ್ತಿದ್ದೆ. ಅಲ್ಲಿ ಅದನ್ನು ಹಿಡಿಯಲಿಲ್ಲ, ಅವ್ವನ ಚೀಟಿ ಮಡಚಿಟ್ಟುಕೊಂಡೆ.

ಮನೆಯಲ್ಲಿ ನಾವು ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳಿದ. "ಏನಂದ್ರು?"

ಎಲ್ಲ ಹೇಳಿದೆ, ದಪ್ಪವಾದ ಗೋಡೆಯನ್ನೂ, ಬಿಟ್ಟ ಪಂಪನ್ನೂ.

"ಬಿಡು ಅಂತ ಯಾರ್ ಹೇಳಿದ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಂದಳು, "ಯಾರ್ ಹೇಳ್ತಾರ್ರಿ. ನನಗ ಬ್ಯಾಸರಾಗಿತ್ತು, ನಾನ ಬಿಟ್ಟೆ." ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು.

ಅದು ಸುಳ್ಳು. ಎದುರಿನವರ ಒಂದು ತಪ್ಪು ಮಾತನ್ನೂ ನಾನು ಬಿಟ್ಟವಳಲ್ಲ.

ಅಪ್ಪ ನನ್ನ ಕಡೆ ನೋಡಿದ. ಅವ್ವನ ಮಾತನ್ನು ನಾನು ತಿದ್ದಲಿಲ್ಲ.