ಇದು ಯಾರಿಗೆ?

ಮಲೇಶಿಯಾದ ಮೆಲಾಕಾದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮಲ್ಪೆ ಕಡೆಯ ಅಜ್ಜ ಹಡಗಿನಲ್ಲಿ ದುಡಿದು ನಿವೃತ್ತರಾದವರು. ತಿನ್ನುವುದನ್ನು ಅವರು ನೋಡಿಕೊಂಡು ಹಂಚಿದ್ದೇ ಇಲ್ಲ. ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಯಿಂದ ರೊಟ್ಟಿ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು ತಂದರೆ, ನಾನು ತುಂಡು ಮಾಡಬೇಕು. ಅವರು ಗೋಡೆಗೆ ಮುಖ ಮಾಡಿ ನಿಲ್ಲುವರು. ನನ್ನ ಮಗಳು ಒಂದು ತುಂಡು ಮುಟ್ಟಿ, "ಇದು ಯಾರಿಗೆ?" ಎನ್ನುವಳು. ಅವಳು ಕನ್ನಡದಲ್ಲಿ ಖುಷಿಯಿಂದ ಆಡುತ್ತಿದ್ದುದು ಆ ಮಾತೊಂದನ್ನೇ. ಅಜ್ಜ ನಮ್ಮಲ್ಲೊಬ್ಬರ ಹೆಸರು ಹೇಳುವರು; ಆ ತುಂಡು ಅವರಿಗೆ.

"ಇನ್ನು ತಕರಾರಿಲ್ಲ ಮಾರಾಯ್ರೆ," ಎಂದು, ದೊಡ್ಡ ತುಂಡು ತಮಗೇ ಬಂದಿದ್ದರೂ ಸಂಕೋಚವಿಲ್ಲದೆ ತಿನ್ನುವರು.

ಮಗಳ ಹುಟ್ಟುಹಬ್ಬದ ದಿನ ನಾವಿದ್ದುದು ನಾಲ್ವರು: ನಾನು, ನನ್ನ ಹೆಂಡತಿ, ಮಗಳು, ಅಜ್ಜ. ನಾನು ಲೆಕ್ಕ ತಪ್ಪಿ ಕೇಕನ್ನು ಐದು ತುಂಡು ಮಾಡಿಬಿಟ್ಟೆ. ನಾಲ್ಕು ಹೆಸರೂ ಮುಗಿದವು. ಮಗಳು ಕೊನೆಯದನ್ನು ಮುಟ್ಟಿದಳು.

"ಇದು ಯಾರಿಗೆ?"

"ಬಾಬುಗೆ," ಎಂದರು ಅಜ್ಜ, ತಿರುಗದೆ.

ನಮಗೆ ಯಾವ ಬಾಬುವೂ ಗೊತ್ತಿರಲಿಲ್ಲ. ನಮ್ಮ ಕಡೆ ತಿರುಗಿ ಅವರೇ ಹೇಳಿದರು. "ಹಡಗು ಮುಳುಗಿದ ಮೇಲೆ ಲೈಫ್‌ಬೋಟಲ್ಲಿ ಆರು ಜನ ಇದ್ದೆವು. ಬಿಸ್ಕತ್ತು ಹೀಗೇ ಹಂಚ್ತಿದ್ದದ್ದು. ಎಂಟನೇ ದಿನ ನಾನು ಬೆನ್ನು ಹಾಕಿ ಬಾಬುವಿನ ಹೆಸರು ಹೇಳಿದೆ. ಅವ ಕೈ ಚಾಚ್ಲೇ ಇಲ್ಲ."

ಹಾಗಾದರೆ ಅವನ ಪಾಲನ್ನು ಯಾರು ತಿಂದರು ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಅವಳ ಬಾಯಿ ಮುಚ್ಚಿಸಬೇಕೆನಿಸಿತು.

"ಅದನ್ನೂ ಹೀಗೇ ಹಂಚಿದೆವು ಮಗಾ," ಎಂದರು ಅಜ್ಜ.

ಮಗಳು ಚಾಕು ತೆಗೆದುಕೊಂಡು ಬಾಬುವಿನ ಕೇಕನ್ನು ನಿಧಾನವಾಗಿ ನಾಲ್ಕು ಪಾಲು ಮಾಡಿದಳು. ಅಜ್ಜ ಮತ್ತೆ ಗೋಡೆಯ ಕಡೆ ತಿರುಗಿದರು.