ಸಂಕಪ್ಪ ಮಾವ ನೋಡಿದ ಜರ್ಮನ್ ಆಟ

ಎಂಟು ದಿನದ ಹಿಂದೆ, ಶನಿವಾರದ ಭಜನೆಯಲ್ಲಿ ನಾನು ಮೇಲಿನ ಸ್ವರಕ್ಕೆ ಏರುತ್ತಿದ್ದಾಗ ಹಿಂದಿನಿಂದ ಒಂದು ನಗು ಕೇಳಿಸಿತು. ದೊಡ್ಡ ನಗುವಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಮೂಗಿನಿಂದ ತಪ್ಪಿಸಿಕೊಂಡು ಬರುತ್ತದಲ್ಲ, ಅಂಥದು. ಸ್ವರ ಒಡೆದದ್ದು ನನಗೂ ಗೊತ್ತಾಗಿತ್ತು. ಕೆಮ್ಮು ಬಂದ ಹಾಗೆ ಮಾಡಿ ಮುಂದಿನ ಸಾಲಿಗೆ ಹೋದೆ. ಶ್ರುತಿಪೆಟ್ಟಿಗೆಯ ಪಕ್ಕದ ಚಾಪೆಯ ತುದಿ, ಹಾಡು ಎತ್ತಿಕೊಡುವವರ ಜಾಗ, ಎಷ್ಟೋ ವರ್ಷಗಳಿಂದ ನನ್ನದು. ಅಲ್ಲಿ ಬೇರೆ ಯಾರಾದರೂ ಕೂತರೆ ನನ್ನ ಮುಖ ಹೇಗಾಗುತ್ತದೆಂದು ಊರಿಗೇ ಗೊತ್ತು. ಮನೆಗೆ ಬಂದು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತೆ. ತೆಂಗಿನೆಣ್ಣೆಯ ವಾಸನೆಗೆ ಸಂಕಪ್ಪ ಮಾವ ಬಂದು ಎದುರು ಕೂತರು. ಅವರು ತೀರಿಹೋಗಿ ಬಹಳ ಕಾಲವಾಯಿತು, ನೀವು ಹೆದರಬೇಡಿ.

ಸಂಕಪ್ಪ ಮಾವ ನನ್ನ ಅಮ್ಮನ ಅಣ್ಣ. ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ. ಆಗ ಹೆಣ್ಣಿನ ಪಾತ್ರಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು. ಭಾಗವತರು ಹಾಡುವುದು, ವೇಷಧಾರಿ ಕುಣಿದು ಮಾತಾಡುವುದು. ಅಡೂರಿನಿಂದ ದೇಲಂಪಾಡಿಯವರೆಗೆ ಅವರನ್ನು ‘ರಾಣಿ ಸಂಕಪ್ಪ’ ಎಂದೇ ಕರೆಯುತ್ತಿದ್ದರು. ಆಟ ಮುಗಿಸಿ ಬಂದವರು ಮುಖದ ಬಣ್ಣವನ್ನು ತೆಂಗಿನೆಣ್ಣೆಯಲ್ಲಿ ಒರೆಸಿಕೊಳ್ಳುತ್ತಿದ್ದರು. ಎಷ್ಟು ಒರೆಸಿದರೂ ರೆಪ್ಪೆಯ ಬುಡದ ಕಾಡಿಗೆ ಹೋಗುತ್ತಿರಲಿಲ್ಲ. ಸೀರೆಯ ನೆರಿಗೆ ಹಿಡಿಯಲು ನನಗೆ ಕಲಿಸಿದ್ದು ಅಮ್ಮನಲ್ಲ, ಅವರು. ಅಮ್ಮನ ನೆರಿಗೆ ನೋಡಿ ಅವರು ತಲೆ ಚಚ್ಚಿಕೊಳ್ಳುತ್ತಿದ್ದರು.

ನಮ್ಮೂರು ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲ. ನಾನು ಅಡೂರಿನ ಹತ್ತಿರದ ಕನ್ನಡ ಶಾಲೆಯಲ್ಲಿ ಟೀಚರು. ಮಳೆಗಾಲದಲ್ಲಿ ಮೇಳಕ್ಕೆ ರಜೆ. ಆ ರಜೆಯಲ್ಲಿ ಒಂದು ದಿನ ಮೇಳದ ಯಜಮಾನರು ಶಾಲೆಗೇ ಬಂದರು. ಕೊಡೆಯನ್ನು ಬಿಡಿಸುತ್ತ, ಮಡಚುತ್ತ ಸುಮಾರು ಹೊತ್ತು ನಿಂತರು.

“ಟೀಚರೇ, ನಿಮ್ಮ ಮಾವನಿಗೆ ನೀವೇ ಒಂದು ಮಾತು ಹೇಳ್ಬೇಕು. ಬರುವ ತಿರುಗಾಟಕ್ಕೆ ರಾಣಿ ವೇಷ ನಮ್ಮ ಮೇಳದ ಹುಡುಗ ನಾರಾಯಣ ಮಾಡ್ಲಿ. ಸಂಕಪ್ಪಣ್ಣನಿಗೆ ಪ್ರಾಯ ಆಯ್ತು, ಹೊಟ್ಟೆ ಬಂತು. ಜನ ನಗ್ತಾರೆ.”

“ನೀವೇ ಹೇಳಿ ಯಜಮಾನರೇ.”

“ನನ್ನಿಂದ ಆಗ್ಲಿಕ್ಕಿಲ್ಲ. ಅವರ ವೇಷ ನೋಡಿಯೇ ನಾನು ಮೇಳ ಕಟ್ಟಿದ್ದು.”

ನನ್ನಿಂದ ಮಾತ್ರ ಆಗುತ್ತದೆಯೇ? ಶಾಲೆಯಲ್ಲಿ ಒಮ್ಮೆ ಗದರಿದರೆ ಮಾಡಿನ ಹಂಚು ಅಲ್ಲಾಡುತ್ತದೆ ಎಂಬ ಹೆಸರು ನನಗಿತ್ತು. ಮಾವನ ಎದುರು ಕೂತರೆ ಬಾಯಿ ಕಟ್ಟುತ್ತಿತ್ತು. ಅವರು ಆಗಲೇ ರಾಣಿಯ ಜಡೆಗೆ ಸೇರಿಸುವ ಹೊಸ ಚೌರಿಯ ಎಳೆ ಬಿಡಿಸಿ ಎಣ್ಣೆ ಹಚ್ಚುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಜಡಿಮಳೆಯ ಆಟಿ ತಿಂಗಳು ಕಳೆಯಿತು, ನವರಾತ್ರಿಯೂ ಕಳೆಯಿತು.

ಅಷ್ಟರಲ್ಲಿ ಒಬ್ಬ ಜರ್ಮನ್ ಪಾದ್ರಿ ನಮ್ಮೂರಿಗೆ ಬಂದರು. ಅವರೊಡನೆ ಸಿನೆಮಾ ಯಂತ್ರ, ಅದಕ್ಕೆ ಕರೆಂಟು ಕೊಡಲು ಗುಡುಗುಡು ಎನ್ನುವ ಇನ್ನೊಂದು ಯಂತ್ರ. ಪಾದ್ರಿಯವರ ಕನ್ನಡ ನಮ್ಮ ಪಾಠಪುಸ್ತಕಕ್ಕಿಂತ ಶುದ್ಧ. “ಮಹನೀಯರೇ, ಇದು ನಮ್ಮ ದೇಶದ ಯಕ್ಷಗಾನವಾಗಿರುತ್ತದೆ” ಎಂದರು. ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿದೆವು. ಮೇಳದವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆವು. ಮಾವ ಇಸ್ತ್ರಿ ಮಾಡಿದ ಶಾಲು ಹೊದ್ದು ಬಂದಿದ್ದರು.

ಅದು ಒಪೆರಾ, ಮಾತೆಲ್ಲ ಹಾಡಿನಲ್ಲೇ, ರಂಗದ ಮುಂದಿನ ಹೊಂಡದಲ್ಲಿ ವಾದ್ಯದವರು. ಕತೆ ಇಷ್ಟೇ: ಹದಿನೆಂಟರ ಹುಡುಗಿಯೊಬ್ಬಳು ಯುದ್ಧಕ್ಕೆ ಹೋದವನ ದಾರಿ ಕಾಯುತ್ತಾಳೆ, ಅವನು ತಡವಾಗಿ ಬರುತ್ತಾನೆ, ಅವಳು ಸಾಯುತ್ತಾಳೆ. ಬಾಗಿಲು ತೆರೆದು ಆ ಹುಡುಗಿ ಬಂದಳು ನೋಡಿ! ಐವತ್ತರ ಹತ್ತಿರದ ಹೆಂಗಸು, ಎರಡು ಗಲ್ಲ, ರವಿಕೆಗೆ ಉಸಿರಾಡಲು ಜಾಗವಿಲ್ಲ, ಬೆನ್ನ ಮೇಲೆ ಚಿಕ್ಕ ಹುಡುಗಿಯರ ಹಾಗೆ ಎರಡು ಜಡೆ. ಹಿಂದಿನ ಬೆಂಚುಗಳು ನಗಲು ಶುರು ಮಾಡಿದವು. ಅವಳು ನಾಚಿದಾಗ ಇನ್ನಷ್ಟು ನಗು. ಪ್ರಿಯಕರ ಅವಳನ್ನು ಎತ್ತಿಕೊಳ್ಳಲು ಹೋದಾಗಲಂತೂ ಯಾರೋ “ಜಾಗ್ರತೆ ಮಾರಾಯ, ಸೊಂಟ ಹೋದೀತು!” ಎಂದರು. ಶಾಲೆಯೇ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು. ಪಕ್ಕಕ್ಕೆ ತಿರುಗಿ ಮಾವನನ್ನು ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು.

ಮುಗಿದ ಮೇಲೆ ಪಾದ್ರಿಯವರು ಕೈಮುಗಿದು, “ಕಲಾವಿದರಾದ ತಾವು ಅಭಿಪ್ರಾಯವನ್ನು ದಯಪಾಲಿಸಬೇಕು” ಎಂದು ಮಾವನನ್ನು ಕೇಳಿದರು. ಮಾವ ಎದ್ದು ನಿಂತರು.

“ಕೆಲವು ಸರಿ ಕಾಣ್ಲಿಲ್ಲ, ಹೇಳಿಬಿಡ್ತೇನೆ. ನಿಮ್ಮ ಭಾಗವತರು ಹೊಂಡದಲ್ಲಿ ನಿಂತಿದ್ದಾರೆ. ಕೋಲು ಬೀಸಿ ಎಲ್ಲರನ್ನೂ ಹೆದರಿಸ್ತಾರೆ, ಬಾಯಿ ಬಿಟ್ಟು ಒಂದಕ್ಷರ ಹಾಡುವುದಿಲ್ಲ. ಹಾಡುವುದೂ ವೇಷಧಾರಿಗಳೇ ಆದ್ರೆ ಕುಣಿಯುವುದು ಯಾರು? ಎಲ್ಲ ಕಲ್ಲುಕಂಬದ ಹಾಗೆ ನಿಂತದ್ದು. ರಂಗದ ಮೇಲೆ ಅಷ್ಟು ಸಾಮಾನು ಯಾಕೆ, ನಡೆಯಲಿಕ್ಕೆ ಜಾಗ ಇಲ್ಲ. ಗಂಡಿನ ಸ್ವರ ದೊಡ್ಡದು, ಆದ್ರೆ ಅಳುವಾಗಲೂ ಅದೇ, ನಗುವಾಗಲೂ ಅದೇ.”

ಹಿಂದಿನ ಬೆಂಚುಗಳ ಕಡೆ ತಿರುಗಿದರು.

“ಆ ಹೆಂಗಸು! ಕಣ್ಣು ಮುಚ್ಚಿ ಕೇಳಿದೆ, ಹದಿನೆಂಟೇ. ಮೇಲೆ ಹೋದಾಗ ಸ್ವರ ಒಂದು ಕಡೆಯೂ ಸಣ್ಣ ಆಗ್ಲಿಲ್ಲ. ಆಮೇಲೆ ಕಣ್ಣು ಬಿಟ್ಟು ಕೈ ನೋಡಿದೆ. ಅವ ಬಂದನಾ ಅಂತ ಬಾಗಿಲಿನ ಚಿಲಕ ಮುಟ್ತಾಳೆ, ತೆಗೆಯುವುದಿಲ್ಲ, ಕೈ ಹಾಗೇ ಬಿಡ್ತಾಳೆ. ನಗುವವರಿಗೆ ಆ ಕೈ ಕಾಣ್ಲಿಲ್ಲ, ಅಷ್ಟೆ.”

ಪಾದ್ರಿಯವರ ಕಣ್ಣು ತುಂಬಿತು. ಯಜಮಾನರು ನೆಲ ನೋಡುತ್ತಿದ್ದರು.

ಮನೆಗೆ ಗದ್ದೆಯ ದಾರಿಯಲ್ಲಿ ನಾವಿಬ್ಬರೇ. ದಾರಿಯ ಬೆಳಕಿಗೆ ಹೊತ್ತಿಸಿದ ತೆಂಗಿನ ಗರಿಯ ಸೂಟೆ ನನ್ನ ಕೈಯಲ್ಲಿ. ಮಾವ ಶಾಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, “ಆ ಹೆಂಗಸು ಪರದೆಯ ಒಳಗೆ ಇರುವವಳು. ಜನ ನಕ್ಕದ್ದು ಅವಳಿಗೆ ಕೇಳ್ಲಿಕ್ಕಿಲ್ಲ, ಅಲ್ಲವಾ?” ಎಂದರು.

“ಇಲ್ಲ ಮಾವ.”

“ನನಗೂ ಕೇಳುವುದಿಲ್ಲ ಮಗಾ. ಚೆಂಡೆಯ ಅಬ್ಬರ. ಎದುರಿಗೆ ದೀಪ ಇರುವಾಗ ಕೂತವರ ಮುಖವೂ ಕಾಣುವುದಿಲ್ಲ.” ನಾಲ್ಕು ಹೆಜ್ಜೆ ನಡೆದು ನಿಂತರು. “ನಗ್ತಾರಾ?”

ಯಜಮಾನರು ಹೇಳಿಕೊಟ್ಟ ಮಾತನ್ನು ಹೇಳಿಬಿಡಲು ಅದೇ ಹೊತ್ತು. ನಾನು ಸೂಟೆಯನ್ನು ಕೆಳಗೆ ಹಿಡಿದೆ. “ಇಲ್ಲಿ ತೋಡಿನ ನೀರು ಉಂಟು ಮಾವ, ಕಾಲು ನೋಡಿ ಇಡಿ” ಎಂದೆ.

“ಆಯ್ತು” ಎಂದರು. ಆ ಆಯ್ತು ತೋಡಿಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತಾಯಿತು. ಸೂಟೆಯ ಹೊಗೆಗೆ ಕಣ್ಣುರಿಯಿತು ಎಂದು ಮನೆಯಲ್ಲಿ ಹೇಳಿದೆ.

ಊರೂರಿಗೆ ಹೋಗಿ ಆಟ ಆಡುವ ಮೇಳದ ತಿರುಗಾಟ ಶುರುವಾಯಿತು. ಮೊದಲ ಆಟಗಳಲ್ಲಿ ಒಂದು ನಮ್ಮ ಶಾಲೆಯ ಕೆಳಗಿನ ಗದ್ದೆಯಲ್ಲಿ. ಜೀರಿಗೆ ಕಷಾಯ ಕೊಡುವ ನೆಪದಲ್ಲಿ, ಸಂಜೆ ಬೆಳಕಿರುವಾಗಲೇ ಚೌಕಿಯ ಬಾಗಿಲಿಗೆ ಹೋದೆ. ಚೌಕಿ ಎಂದರೆ ವೇಷಧಾರಿಗಳು ಬಣ್ಣ ಹಚ್ಚುವ ಚಪ್ಪರ. ಅಲ್ಲಿ ಯಾವ ವೇಷದವರು ಎಲ್ಲಿ ಕೂರಬೇಕೆಂದು ಕ್ರಮವಿದೆ. ಯಾರೂ ಇನ್ನೊಬ್ಬರ ಜಾಗದಲ್ಲಿ ಕೂರುವುದಿಲ್ಲ. ರಾಣಿಯ ಜಾಗ ಖಾಲಿಯಿತ್ತು. ಮಾವನ ಪೆಟ್ಟಿಗೆ, ಕನ್ನಡಿ ಎಲ್ಲ ಆಚೆ ತುದಿಯಲ್ಲಿ, ದೂತರು, ಬಾಗಿಲು ಕಾಯುವವರು ಕೂರುವಲ್ಲಿ. ನಾರಾಯಣ ತನ್ನ ಪೆಟ್ಟಿಗೆ ಹಿಡಿದು ನಡುವೆ ನಿಂತಿದ್ದ.

“ಮಾವಾ, ನೀವು ಎಂತ ಅಲ್ಲಿ?” ಎಂದ. ಅವನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದ.

“ನೀನು ಅಲ್ಲಿ ಕೂತ್ಕೋ ಮಾರಾಯ. ನನಗೆ ಇಲ್ಲಿ ಗಾಳಿ ಉಂಟು.”

ಚಪ್ಪರಕ್ಕೆ ಹೊದಿಸಿದ ತೆಂಗಿನ ಮಡಲು ಒಂದೂ ಅಲ್ಲಾಡುತ್ತಿರಲಿಲ್ಲ. ಹಣೆಯ ಬೆವರು ಅವರ ಹುಬ್ಬಿಗೆ ಇಳಿಯುತ್ತಿತ್ತು. ಕಷಾಯ ಕುಡಿದು, ಬೆಲ್ಲ ಜಾಸ್ತಿಯಾಯಿತೆಂದು ನನ್ನನ್ನು ಬೈದರು.

ಅಂದು ಅವರದು ಬಾಗಿಲು ಕಾಯುವ ಮುದುಕಿಯ ವೇಷ. ರಾಣಿಗೆ ದಾರಿ ಬಿಟ್ಟು ಬದಿಗೆ ನಿಂತರು. ನಮ್ಮ ರಂಗದಲ್ಲಿ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಆದರೂ ಅವರ ಕೈ ಮೇಲೆ ಹೋಯಿತು, ಇಲ್ಲದ ಚಿಲಕವನ್ನು ಮುಟ್ಟಿತು, ಹಾಗೇ ಬಿಟ್ಟಿತು. ಯಾರೂ ನಗಲಿಲ್ಲ. ಎಲ್ಲರೂ ರಾಣಿಯನ್ನು ನೋಡುತ್ತಿದ್ದರು. ಅವರನ್ನು ನೋಡಿದವಳು ನಾನೊಬ್ಬಳೇ ಇರಬೇಕು. ಅಷ್ಟು ಅತ್ತದ್ದು ನಾನು ಅಮ್ಮ ಸತ್ತಾಗ ಮಾತ್ರ. ಮುಂದಿನ ವರ್ಷ ಅವರು ಮೇಳಕ್ಕೆ ಹೋಗಲೇ ಇಲ್ಲ. ಯಾಕೆಂದು ಕೇಳಿದವರಿಗೆ ಮಂಡಿನೋವು ಎನ್ನುತ್ತಿದ್ದರು.

ನಿನ್ನೆ ಮತ್ತೆ ಶನಿವಾರ. ಭಜನೆಗೆ ಎಲ್ಲರಿಗಿಂತ ಮುಂಚೆ ಹೋಗಿ ಹಿಂದಿನ ಗೋಡೆಗೆ ಒರಗಿ ಕೂತೆ. ಆಮೇಲೆ ಸುಮತಿ ಬಂದಳು. ನಕ್ಕದ್ದು ಅವಳೇ ಎಂದು ನನಗೆ ಗೊತ್ತು. ಅಕ್ಷರ ನುಂಗುತ್ತಾಳೆ, ಆದರೆ ಸ್ವರ ಒಳ್ಳೆಯದು. ಹೇಳಲಿಕ್ಕೆ ಹೊಟ್ಟೆ ಉರಿದರೂ ಹೇಳಬೇಕು. ಖಾಲಿ ಬಿದ್ದಿದ್ದ ಚಾಪೆಯ ತುದಿ ನೋಡಿ ನಿಂತಳು.

“ಅಜ್ಜಿ, ಎಂತ ಅಲ್ಲಿ ಕೂತದ್ದು? ಮುಂದೆ ಬನ್ನಿ.”

“ನೀನು ಕೂತ್ಕೋ ಮಾರಾಯ್ತಿ. ನನಗೆ ಇಲ್ಲಿ ಗಾಳಿ ಉಂಟು.”

ಆ ಗೋಡೆಗೆ ಕಿಟಕಿ ಇಲ್ಲ. ಸುಮತಿ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೋಗಿ ಕೂತು ಶ್ರುತಿ ಹಿಡಿದಳು.